ಮಾರಿಕುಪ್ಪಂನಿಂದ ಬಂಗಾರಪೇಟೆಗೆ, ನಿಲ್ಲದೆ

ಮಾರಿಕುಪ್ಪಂನ ಅಕ್ಕನ ಮನೆಯಿಂದ ಬಂಗಾರಪೇಟೆ ಸ್ಟೇಷನ್ನಿನವರೆಗೆ ಒಂದೇ ಸಮನೆ ಓಡಬೇಕೆಂದು ಮೂರು ಶನಿವಾರ ಪ್ರಯತ್ನಿಸಿದ್ದೆ. ಮೂರೂ ನನ್ನ ಡೈರಿಯಲ್ಲಿವೆ. ಮೊದಲ ಸಲ ಚಾಂಪಿಯನ್ ಸ್ಟೇಷನ್ ದಾಟುವಷ್ಟರಲ್ಲೇ ಪಕ್ಕೆ ಹಿಡಿದುಕೊಂಡಿತು. ಎರಡನೆಯ ಸಲ ಊರಿಗಾಂ ಹತ್ತಿರ ಹೊಸ ಶೂ ಹಿಮ್ಮಡಿ ಕಚ್ಚಿತು. ಮೂರನೆಯ ಸಲ ಕೋರಮಂಡಲ್ ಆಚೆ ಒಂದು ಮೋರಿಯ ಮೇಲೆ ಕೂತೆ. ಎದ್ದಿದ್ದು ಆಟೊ ಹತ್ತುವುದಕ್ಕೆ.

ನಾಲ್ಕನೆಯ ಶನಿವಾರವೇ ಕೊನೆಯದು. ಬೆಂಗಳೂರಿನ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಕೊಡಲು ಅಂದೇ ಕಡೆಯ ದಿನ. ಬಂಗಾರಪೇಟೆಯವರೆಗೂ ನಡೆಯದೆ ಓಡಲಾಗದಿದ್ದರೆ ಹೆಸರು ಕೊಡುವುದು ಬೇಡವೆಂದು ತೀರ್ಮಾನಿಸಿದ್ದೆ.

"ರೈಲಿರೋ ಊರಲ್ಲಿ ಓಡ್ಕೊಂಡ್ ಓಗೋಳು ನೀನೊಬ್ಳೇ ಕಣೇ," ಎಂದು ಅಕ್ಕ ಬಾಗಿಲಲ್ಲಿ ಆಕಳಿಸುತ್ತಾ ಕಳಿಸಿಕೊಟ್ಟಳು.

ಇನ್ನೂ ಮಬ್ಬು. ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಧೂಳು ಎದ್ದಿರಲಿಲ್ಲ. ಬೇಕೆಂದೇ ನಿಧಾನವಾಗಿ ಓಡಿದೆ. ಆ ಮೋರಿ ದಾಟಿದಾಗ ಅದರ ಕಡೆ ನೋಡಲೂ ಇಲ್ಲ. ಬಂಗಾರಪೇಟೆ ಸಮೀಪಿಸುತ್ತಿದ್ದಾಗ ಹಾಲಿನ ಕ್ಯಾನ್ ಕಟ್ಟಿದ ಮೊಪೆಡ್ ಒಂದು ಪಕ್ಕಕ್ಕೆ ಬಂತು. ಓಡಿಸುತ್ತಿದ್ದವರು ವಯಸ್ಸಾದವರು.

"ಕೂತ್ಕೊ ಅಮ್ಮಣ್ಣಿ, ರೈಲು ಓಗ್ಬುಡ್ತದೆ!"

ನಮ್ಮ ಕಡೆ ಬೆಳಿಗ್ಗೆ ಈ ದಾರಿಯಲ್ಲಿ ಯಾರಾದರೂ ಓಡುತ್ತಿದ್ದರೆ ಬೆಂಗಳೂರಿನ ರೈಲಿಗೇ ಎಂದು ಎಲ್ಲರಿಗೂ ಗೊತ್ತು. ಅಂಥವರನ್ನು ಕಂಡು ಗಾಡಿ ನಿಲ್ಲಿಸದೆ ಹೋಗುವವರು ಕಡಿಮೆ.

"ಬ್ಯಾಡ ತಾತ, ಸುಮ್ನೆ ಓಡ್ತಿದೀನಿ."

"ಸುಮ್ನೆ ಯಾರಾನಾ ಓಡ್ತಾರಾ? ನಾಯಿ ಗೀಯಿ ಅಟ್ಟಿಸ್ಕೊಂಡ್ ಬಂತಾ?" ಹಿಂದೆ ತಿರುಗಿ ನೋಡಿದರು. ನಾಯಿ ಇರಲಿಲ್ಲ. "ನಾಚ್ಕೊಬ್ಯಾಡ, ಜಾಗ ಅದೆ."

ಓಡುತ್ತಲೇ ಕೈ ಮುಗಿದೆ.

"ಸರಿ, ನಾನ್ ಮುಂದೋಗಿ ತಿಳಿಸ್ತೀನಿ. ನೀನು ಬಾ," ಎಂದು ಹೋಗಿಬಿಟ್ಟರು.

ಅವರು ಮರೆಯಾದ ಸ್ವಲ್ಪ ಹೊತ್ತಿಗೇ ಎಡಗಾಲಿನ ಮೀನಖಂಡ ಗಂಟು ಕಟ್ಟಿತು. ಸ್ಟೇಷನ್ ರಸ್ತೆಗೆ ತಿರುಗುವಾಗ ನಾನು ಓಡುತ್ತಿರಲಿಲ್ಲ, ಕುಂಟುತ್ತಾ ಜಿಗಿಯುತ್ತಿದ್ದೆ. ಇನ್ನು ಹತ್ತು ಹೆಜ್ಜೆ, ಆಮೇಲೆ ನಡೆದುಬಿಡೋಣ ಅಂದುಕೊಂಡೆ.

ಆಗ ಟೀ ಅಂಗಡಿಯ ಮುಂದಿನಿಂದ ಕೂಗು ಬಂತು. "ಬಂದ್ಳು, ಬಂದ್ಳು! ಓಡಮ್ಮೋ, ಗಾಡಿ ಇನ್ನೂ ನಿಂತೈತೆ!" ತಾತ ಕ್ಯಾನ್ ಇಳಿಸುವುದನ್ನು ಬಿಟ್ಟು ಕೈ ಬೀಸುತ್ತಿದ್ದರು. ಟೀ ಕುಡಿಯುತ್ತಿದ್ದವರೆಲ್ಲ ಬದಿಗೆ ಸರಿದು ದಾರಿ ಬಿಟ್ಟರು. ಅಷ್ಟು ಜನರ ಮುಂದೆ ನಡೆಯಲು ನನಗೆ ಧೈರ್ಯವಾಗಲಿಲ್ಲ. ಓಡಿದೆ. ಗೇಟಿನಲ್ಲೇ ನಿಲ್ಲಬೇಕಾಗಿತ್ತು. ಆದರೆ ಒಳಗೆ ಲೇಡೀಸ್ ಬೋಗಿಯ ಬಾಗಿಲಿಂದ "ವಾಮ್ಮಾ, ವಾ!" ಎಂದು ತಮಿಳಿನಲ್ಲಿ ಕರೆಯುತ್ತಾ ಒಬ್ಬ ಹೆಂಗಸು ಕೈ ಚಾಚಿದ್ದರು. ಯೋಚಿಸುವ ಮೊದಲೇ ಆ ಕೈ ನನ್ನನ್ನು ಒಳಗೆಳೆದುಕೊಂಡಿತ್ತು. ರೈಲು ಹೊರಟಿತು.

ಸೀಟು ಸಿಕ್ಕಿತು, ನೀರು ಸಿಕ್ಕಿತು, ಯಾರದೋ ಡಬ್ಬಿಯ ಚಿತ್ರಾನ್ನವೂ ಸಿಕ್ಕಿತು. ಉಸಿರು ಬಂದ ಮೇಲೆ ನಿಜ ಹೇಳಿದೆ: ಮಾರಿಕುಪ್ಪಂನಿಂದ ಓಡಿಬಂದಿದ್ದು ಓಟದ ಅಭ್ಯಾಸಕ್ಕೆ, ನನಗೆ ರೈಲು ಬೇಕಿರಲಿಲ್ಲ.

ಇಡೀ ಬೋಗಿಯೇ ನಕ್ಕಿತು.

"ಅಯ್ಯೋ ನಿನ್ನ! ಅಲ್ಲಿಂದ ಓಡ್ಕೊಂಡೇ ಬಂದ್ಯಾ?" ಎಂದ ಇನ್ನೊಬ್ಬರು ನನ್ನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದರು. "ಒಂದ್ ಕಡೆನೂ ನಿಲ್ಲಿಲ್ವಾ?"

"ಇಲ್ಲ," ಎಂದೆ. ಜೋರಾಗಿ ಹೇಳಿಕೊಂಡ ಮೇಲೇ ನನಗೂ ಅದು ನಿಜವೆನಿಸಿದ್ದು. ದಾರಿಯ ಟೇಕಲ್ ಸ್ಟೇಷನ್ನಿನಲ್ಲಿ ಇಳಿಯುವ ಮೊದಲು, ಇನ್ನೊಂದು ಕಾಲನ್ನೂ ಅವರ ಕೈಗೆ ಒಪ್ಪಿಸಿ, ಫೋನಿನಲ್ಲಿ ಬೆಂಗಳೂರಿನ ಓಟಕ್ಕೆ ಹೆಸರು ಕೊಟ್ಟೆ.