ಮೂಡಲ ಕಿಟಕಿಯ ತಾಟು

ಮಂಜುಳಾ, ಆ ವರ್ಷ ನಮ್ಮ ಮನೆಯ ರೇಷ್ಮೆಹುಳು ಸತ್ತದ್ದು ನಿನ್ನಿಂದಲ್ಲ. ನನ್ನಿಂದ. ನಿನ್ನ ಅತ್ತಿಗೆಯಾದ ನನ್ನಿಂದ. ಇಷ್ಟು ಹೇಳಲು ನನಗೆ ಹದಿಮೂರು ವರ್ಷ ಬೇಕಾಯಿತು. ಈಗಲೂ ಧೈರ್ಯ ಬಂತೆಂದು ಹೇಳುತ್ತಿಲ್ಲ — ಹೋದ ವಾರ ಬೇಲೂರಿನ ನಿನ್ನ ಮನೆಯಲ್ಲಿ ಕಂಡದ್ದನ್ನು ಕಂಡ ಮೇಲೆ ಸುಮ್ಮನಿರಲು ಆಗದೆ ಹೇಳುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನಾನು ಬಚ್ಚಿಟ್ಟದ್ದೆಲ್ಲ ನಿನಗೆ ಗೊತ್ತಿರುವುದರ ನಡುವೆಯೇ ಇದೆ.

ನಾನು ಹುಲಿಕೆರೆ ಹತ್ತಿರದ ನಿಮ್ಮ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಹಿತ್ತಲಿನ ಹುಳುಮನೆ ನನಗೆ ದೇವರಮನೆಗಿಂತ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಆಚೆಯ ಅಡುಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೂ ಅತ್ತೆಯ ಹುಬ್ಬು ಮೇಲೇರುತ್ತಿತ್ತು. ತಿಂಗಳಿಗೊಮ್ಮೆ ಹೊರಗಾದವರಂತೂ ಆ ಹೊಸ್ತಿಲ ಕಡೆ ತಿರುಗಿಯೂ ನೋಡಬಾರದು. ನನ್ನ ತವರಿನಲ್ಲಿ ಹುಳು ಸಾಕಿದವರಿಲ್ಲ. ಈ ಕಟ್ಟಳೆಗಳಲ್ಲಿ ಯಾವುದು ಹುಳುವಿಗಾಗಿ, ಯಾವುದು ಅತ್ತೆಗಾಗಿ ಅಂತ ನನಗೆ ತಿಳಿಯುತ್ತಿರಲಿಲ್ಲ. ಎಲ್ಲವೂ ಒಂದೇ ಎಂದು ಒಳಗೊಳಗೇ ನಗುತ್ತಿದ್ದೆ. ಅದೇ ನನ್ನ ಮೊದಲ ತಪ್ಪಿರಬೇಕು.

ಅದು ಡಿಸೆಂಬರಿನ ಬೆಳೆ. ಹುಳು ನಾಲ್ಕನೇ ಜ್ವರದ ನಿದ್ದೆಯಿಂದ ಎದ್ದು, ಪೊರೆ ಕಳಚಿ, ಸೊಪ್ಪಿನ ಮೇಲೆ ಬಿದ್ದು ಮೇಯುತ್ತಿತ್ತು. ಇನ್ನೇನು ಗೂಡು ಕಟ್ಟುವ ಹೊತ್ತು. ನೀನು ಪಿಯುಸಿ ಮುಗಿಸಿ ಟೀಚರಾಗುತ್ತೇನೆಂದು ಹಟ ಹಿಡಿದಿದ್ದೆ. ನಿನ್ನ ಅಣ್ಣ ಕೊನೆಗೂ ಒಪ್ಪಿದ್ದರು — "ಈ ಗೂಡು ಒಂದ್ ಚೆನ್ನಾಗಿ ಬರ್ಲಿ ಕಣೇ ಮಂಜಿ, ನಾನೇ ಹಾಸನಕ್ಕೆ ಕರ್ಕಂಡೋಗಿ ಟ್ರೈನಿಂಗಿಗೆ ಸೇರಿಸಿ ಬತ್ತೀನಿ." ಆ ಮಾತು ಕೇಳಿದ ಮೇಲೆ ನೀನು ಸೊಪ್ಪು ಕೊಯ್ಯುವಾಗಲೂ ಹಾಡುತ್ತಿದ್ದೆ. ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಇರಲಿ, ಅದನ್ನೂ ಹೇಳಿಬಿಟ್ಟೆ.

ಒಂದು ಮಧ್ಯಾಹ್ನ ಊರ ಮುಂದಿನ ಟ್ರಾನ್ಸ್‌ಫಾರ್ಮರ್ ಢಬ್ಬೆಂದು ಸುಟ್ಟುಹೋಯಿತು. ಹುಳುಮನೆಯ ಹೀಟರ್ ಆರಿತು. ನಿನ್ನ ಅಣ್ಣ ಸೈಕಲ್ ಹತ್ತಿ ಹಳೇಬೀಡಿನ ಕರೆಂಟ್ ಆಫೀಸಿಗೆ ಹೋದರು. ಬೇರೆ ಟ್ರಾನ್ಸ್‌ಫಾರ್ಮರ್ ಬರುವುದು ನಾಳೆಯೋ ನಾಡಿದ್ದೋ ಎಂದು ಯಾರೋ ಬಂದು ಹೇಳಿದರು. ಮೂಡಲ ಗಾಳಿ ಆಗಲೇ ಎದ್ದಿತ್ತು. ಆ ಚಳಿಯಲ್ಲಿ ಕೋಣೆ ತಣ್ಣಗಾದರೆ ಹುಳು ಮೇವು ಬಿಡುತ್ತದೆ, ಬೆಳೆ ಕೈಬಿಡುತ್ತದೆ. ಅತ್ತೆ ಅಂಗಳದಲ್ಲಿ ತೆಂಗಿನ ಚಿಪ್ಪು ಉರಿಸಿ ಕೆಂಡ ಮಾಡಲು ಕೂತರು, ಹೊಗೆಯೆಲ್ಲ ಹೊರಗೇ ಹೋಗಲಿ ಅಂತ. ನನಗೆ ಹೇಳಿದ್ದು ಒಂದೇ ಕೆಲಸ.

"ಏಣಿ ಹಾಕ್ಕಂಡು ಅಟ್ಟದ ಮ್ಯಾಲಿರೋ ರಾಗಿ ಚೀಲ ತಗಂಡು ಮೂಡ್ಲು ಕಿಟಕಿಗೆ ಕಟ್ಟವ್ವ. ಪಂಪ್ ಮನೇವು ಮುಟ್ಬ್ಯಾಡ, ಔಸ್ದಿ ಚೀಲ ಐತೆ ಅಲ್ಲಿ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಕೇಳಲಿಲ್ಲ, ತಿಳಿಯಲಿಲ್ಲ ಅನ್ನಲು ಒಂದು ಎಳೆಯಷ್ಟೂ ಜಾಗ ಇಲ್ಲ.

ಏಣಿ ಇದ್ದದ್ದು ಪಕ್ಕದ ಮನೆಯ ರುದ್ರಮ್ಮನ ಹತ್ತಿರ. ಅವರು ಯಾವುದಕ್ಕೋ ಇಸಕೊಂಡು ಹೋಗಿದ್ದರು. ಆ ರುದ್ರಮ್ಮನ ಜೊತೆ ನಾನು ಮಾತು ಬಿಟ್ಟಿದ್ದೆ. ಕಾರಣ ಕೇಳಿದರೆ ನಗುತ್ತೀಯ. ನನ್ನ ಮುದ್ದೆ ಮೆತ್ತಗಾಗುತ್ತದಂತೆ, ತವರಿನಲ್ಲಿ ಹಿಟ್ಟು ತೊಳಸುವುದನ್ನು ಕಲಿಸಿಲ್ಲವಂತೆ — ಹಾಗಂತ ನೀರಿಗೆ ಬಂದವರ ಮುಂದೆ ಅಂದಿದ್ದರು. ಅಂಥವರ ಬಾಗಿಲಿಗೆ ಹೋಗಿ ಏಣಿ ಕೊಡಿ ಅನ್ನಬೇಕೇ? ಬೇಲಿಯವರೆಗೆ ಹೋದೆ. ಒಳಗೆ ಅವರ ಕೆಮ್ಮು ಕೇಳಿಸಿತು. ತಿರುಗಿ ಬಂದೆ.

ನೇರ ಪಂಪ್ ಮನೆಗೆ ಹೋದೆ. ಮೂಲೆಯಲ್ಲಿ ಮಡಿಸಿಟ್ಟಿದ್ದ ಗೋಣಿತಾಟು ತೆಗೆದುಕೊಂಡೆ. ಮೆಣಸಿನ ಗಿಡಕ್ಕೆ ಎರಚುವ ಪುಡಿ ಔಷಧಿ ತಂದಿದ್ದ ಚೀಲವದು. ಗೊತ್ತಿತ್ತು ನನಗೆ. ಹೊರಗೆ ತಂದು ಕೊಡವಿದೆ, ಸೀನು ಬಂತು. ಇನ್ನೊಮ್ಮೆ ಕೊಡವಿದೆ. ಮೂಗಿಗೆ ಹಿಡಿದು ನೋಡಿದೆ — ವಾಸನೆ ಹೋಗಿದೆ ಅಂದುಕೊಂಡೆ. ಇಲ್ಲ, ಸುಳ್ಳು. ಹೋಗಿರಲಿಲ್ಲ. ಸ್ವಲ್ಪವೇ ಇದೆ, ಏನಾಗುತ್ತೆ ಅಂದುಕೊಂಡೆ. ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ, ಕೈ ತೊಳೆದುಕೊಂಡೆ. ಕೈ ತೊಳೆಯಬೇಕು ಅನ್ನುವಷ್ಟು ಬುದ್ಧಿ ಮಾತ್ರ ಇತ್ತು.

ಆಮೇಲೆ ಕೆಂಡ ಒಳಗಿಡುವ ಕೆಲಸ. ಕಬ್ಬಿಣದ ಬಾಂಡ್ಲಿಯನ್ನು ಒಬ್ಬರೇ ಎತ್ತಲಾಗದು, ಅತ್ತೆಗೆ ಮಂಡಿನೋವು. ನಿನ್ನನ್ನು ಕರೆದೆ. ನೀನು ಹೊಸ್ತಿಲ ಆಚೆಯೇ ನಿಂತು ಪಿಸುಗುಟ್ಟಿದೆ.

"ಅತ್ತಿಗೆ, ನಾನು ಬರಂಗಿಲ್ಲ. ಈಗ ಸ್ವಲ್ಪ ಹೊತ್ತಿನ ಮುಂಚೆ... ಅವ್ವಂಗೆ ಇನ್ನೂ ಹೇಳಿಲ್ಲ."

"ಬಾರೇ ಸುಮ್ನೆ. ಹುಳಕ್ಕೇನ್ ಗೊತ್ತಾಯ್ತದೆ? ನಾನು ಯಾರಿಗೂ ಹೇಳಲ್ಲ."

ನೀನು ಬಂದೆ. ನನ್ನ ಮಾತು ನಂಬಿ ಬಂದೆ. ನಾವಿಬ್ಬರೂ ಬಾಂಡ್ಲಿಯನ್ನು ತಟ್ಟೆಗಳ ಸ್ಟ್ಯಾಂಡಿನ ನಡುವೆ ಇಟ್ಟು, ಕೆಂಡದ ಮೇಲೆ ತೆಳ್ಳಗೆ ಬೂದಿ ಮುಚ್ಚಿದೆವು. ಕೋಣೆ ಮೆಲ್ಲಗೆ ಬೆಚ್ಚಗಾಯಿತು. ಲಾಟೀನು ಹಚ್ಚಿಟ್ಟು ಗೋಡೆಗೊರಗಿ ಕೂತೆವು. ಸುತ್ತ ಹುಳು ಸೊಪ್ಪು ಮೇಯುವ ಸದ್ದು. ಹಾಸ್ಟೆಲಿಗೆ ಒಯ್ಯಲು ನನ್ನ ಮದುವೆಯ ಟ್ರಂಕು ಕೊಡ್ತೀರಾ ಅಂತ ನೀನು ಕೇಳಿದೆ. ಕೊಡ್ತೀನಿ, ಬೀಗ ಮಾತ್ರ ನೀನೇ ತಗೋಬೇಕು ಅಂತ ನಾನಂದೆ. ಆ ಮನೆಯಲ್ಲಿ ನಾನು ಅಷ್ಟು ನೆಮ್ಮದಿಯಿಂದ ಕೂತದ್ದು ಅದೇ ಮೊದಲು ಮಂಜುಳಾ. ನೀನು ನನಗೆ ನಾದಿನಿಯಂತಲ್ಲ, ತಂಗಿಯಂತೆ ಕಂಡೆ. ತಾಟಿನ ಸಂದಿಯಿಂದ ಗಾಳಿ ಒಂದೇ ಸಮ ಬರುತ್ತಿತ್ತು, ನೀನು ಎದ್ದು ಅದನ್ನು ಇನ್ನಷ್ಟು ಸರಿಮಾಡಿದೆ.

ಬೆಳಿಗ್ಗೆ ಸೊಪ್ಪು ಹಾಕಲು ಮೊದಲು ಹೋದವಳು ನಾನು. ಬಾಗಿಲು ತೆಗೆದಾಗ ಕೋಣೆ ಇನ್ನೂ ಬೆಚ್ಚಗಿತ್ತು, ಆದರೆ ಸದ್ದಿರಲಿಲ್ಲ. ಕಿಟಕಿ ಕಡೆಯ ತಟ್ಟೆಗಳಲ್ಲಿ ಹುಳು ಹಸಿರು ಕಾರಿಕೊಂಡು ಚೆಲ್ಲಾಡಿ ಬಿದ್ದಿತ್ತು. ಆಚೆ ಗೋಡೆಯ ತಟ್ಟೆಗಳಲ್ಲಿ ಇನ್ನೂ ತಲೆ ಆಡಿಸುತ್ತಿದ್ದವು. ನನಗೆ ತಕ್ಷಣ ತಿಳಿಯಿತು. ಆಗಲೇ ಕೂಗಿದ್ದರೆ, ಆಚೆಯ ತಟ್ಟೆಗಳನ್ನಾದರೂ ಹೊರಗೆ ತಂದಿದ್ದರೆ — ಒಂದಿಷ್ಟು ಉಳಿಯುತ್ತಿತ್ತೋ ಏನೋ. ನಾನು ಕೂಗಲಿಲ್ಲ. ಮೊದಲು ತಾಟು ಬಿಚ್ಚಿದೆ. ಸೆರಗಿನಡಿ ಮುಚ್ಚಿಕೊಂಡು ಹೋಗಿ ಬಚ್ಚಲ ಒಲೆಗೆ ತುರುಕಿದೆ. ಅಡುಗೆಮನೆಯ ಹಳೆ ಚೀಲವೊಂದನ್ನು ತಂದು ಕಿಟಕಿಗೆ ಕಟ್ಟಿದೆ. ಆಮೇಲೆ ಕೂಗಿದೆ.

ಅತ್ತೆ ತಟ್ಟೆಯಿಂದ ತಟ್ಟೆಗೆ ಹೋದರು. ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಕಿಟಕಿಯ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಹುಳು ಕೆಟ್ಟರೆ ಅವರು ಹುಡುಕುವ ಜಾಗ ಒಂದೇ. ನಮ್ಮಿಬ್ಬರ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ದನಿ ಬಿದ್ದುಹೋಗಿತ್ತು.

"ನಿಮ್ಮಿಬ್ರಲ್ಲಿ ಯಾರ್ರವ್ವಾ ಇದ್ನ ಮಾಡ್ದೋರು? ಯಾರು ಹೊರಗಾಗಿ ಒಳಕ್ಕೆ ಬಂದೋರು?"

"ನಾನಲ್ಲ ಅತ್ತೆ," ಅಂದೆ.

ಅಷ್ಟೇ. ನಾನಲ್ಲ. ಅದರಲ್ಲಿ ಸುಳ್ಳು ಹುಡುಕಿದರೆ ಸಿಗುವುದಿಲ್ಲ, ನಾನು ಹೊರಗಾಗಿರಲಿಲ್ಲ. ಕೋಣೆಯಲ್ಲಿದ್ದವರು ಇಬ್ಬರೇ. ನಾನಲ್ಲ ಅಂದರೆ ನೀನು. ನೀನು ನನ್ನ ಮುಖ ನೋಡಿದೆ. ಅತ್ತಿಗೆ ಕರೆದರು, ಅತ್ತಿಗೆಗೆ ಗೊತ್ತಿತ್ತು ಅನ್ನಬಹುದಿತ್ತು. ಅನ್ನುತ್ತೀಯ ಅಂತ ಕಾಯುತ್ತಲೂ ಇದ್ದೆ. ನೀನು ತಲೆ ತಗ್ಗಿಸಿ, "ನಾನೇ ಕಣವ್ವಾ, ತಪ್ಪಾಯ್ತು" ಅಂದೆ. ಹೊಸಬಳು, ಬೈಸಿಕೊಳ್ಳುವುದು ಬೇಡ ಅಂತ ನನ್ನನ್ನು ಉಳಿಸಿದೆ. ಯಾರನ್ನು ಉಳಿಸುತ್ತಿದ್ದೀಯ ಅನ್ನುವುದು ನಿನಗೆ ಗೊತ್ತಿರಲಿಲ್ಲ.

ನಿನ್ನ ಅಣ್ಣ ತಟ್ಟೆಗಳನ್ನು ಗೊಬ್ಬರದ ಗುಂಡಿಗೆ ಸುರಿದರು. ನಿನಗೆ ಒಂದು ಮಾತೂ ಅನ್ನಲಿಲ್ಲ. ಮುಂದಿನ ಬೆಳೆ ಚೆನ್ನಾಗಿ ಬಂದಾಗ ಅವರೇ ಹಾಸನದ ಮಾತು ತೆಗೆದರು. ಬೇಡ ಅಂದವಳು ನೀನು — "ಕೈಯಾರೆ ಕಳ್ದೋಳು ನಾನು, ಯಾವ್ ಮುಖ ಇಟ್ಕಂಡು ಓಗ್ಲಿ ಅಣ್ಣ?" ಆಗ ನಾನು ರೊಟ್ಟಿ ತಟ್ಟುತ್ತಿದ್ದೆ. ಕೈ ನಿಲ್ಲಿಸಲೂ ಇಲ್ಲ. ಬೇಲೂರಿನ ಗಂಡು ಬಂತು, ಮದುವೆಯಾಯಿತು. ನನ್ನ ಟ್ರಂಕು ನಿನ್ನ ಜೊತೆ ಹೋದದ್ದು ಗಂಡನ ಮನೆಗೆ.

ಒಳ್ಳೆಯ ಮನೆ, ಒಳ್ಳೆಯ ಗಂಡ, ಚೆನ್ನಾಗಿದ್ದಾಳೆ ಅಂತ ನಾನು ನನ್ನನ್ನೇ ಸಮಾಧಾನ ಮಾಡಿಕೊಂಡು ಬಂದೆ. ಒಮ್ಮೊಮ್ಮೆ ತಿಂಗಳುಗಟ್ಟಲೆ ಮರೆತದ್ದೂ ಉಂಟು.

ಹೋದ ವಾರ ನಿನ್ನ ಮಗಳು ಚೈತ್ರ ದೊಡ್ಡವಳಾದಳು ಅಂತ ಆರತಿಗೆ ಕರೆದೆ. ಎಲ್ಲ ಮುಗಿದು, ನಾನು ಉಂಡು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಆ ಮಗು ಮೆಲ್ಲಗೆ ಅಲ್ಲಿಗೆ ಬಂತು. ತಾನೇ ನೆಟ್ಟ ಸೇವಂತಿಗೆ ಗಿಡಕ್ಕೆ ನೀರು ಹಾಕಲು ಚೊಂಬು ಎತ್ತಿಕೊಂಡಿತ್ತು. ನೀನು ಓಡಿಹೋಗಿ ಚೊಂಬು ಕಿತ್ತುಕೊಂಡೆ.

"ಮುಟ್ಟಬೇಡ ಮಗಾ. ನಮ್ ಕೈ ಅಂಥದ್ದು. ನಾನು ಒಂದ್ ಮನೆ ಹುಳಾನೇ ಕೊಂದೋಳು. ಬೇಕಾದ್ರೆ ನಿಮ್ಮತ್ತೇನ ಕೇಳು, ಅವ್ರೂ ಅಲ್ಲೇ ಇದ್ರು."

ನಗುತ್ತಲೇ ಹೇಳಿದೆ. ಎಷ್ಟೋ ಸಲ ಹೇಳಿ ಹೇಳಿ ನಯವಾದ ಮಾತಿನ ಹಾಗೆ. ಚೈತ್ರ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಗಾಬರಿ ಇತ್ತು — ತನ್ನ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದಳು. ನಾನು ಏನು ಮಾಡಿದೆ ಗೊತ್ತಾ? ಹೌದು ಅಂತ ತಲೆ ಆಡಿಸಿದೆ. ಮತ್ತೊಮ್ಮೆ. ಅಷ್ಟು ವರ್ಷದ ಮೇಲೆ, ಯಾರ ಹೆದರಿಕೆಯೂ ಇಲ್ಲದ ಜಾಗದಲ್ಲಿ, ಅನ್ನ ಉಂಡ ಕೈ ಇನ್ನೂ ಒದ್ದೆ ಇರುವಾಗ.

ನಿನ್ನ ಒಬ್ಬಳ ಬದುಕು ತಿರುಗಿಸಿದೆ ಅಂದುಕೊಂಡಿದ್ದೆ. ಅದು ಆ ಮಗುವಿನ ಕೈವರೆಗೂ ಹರಿದುಬಂದಿದೆ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದೇ ನನಗೆ ಭಯ. ವಯಸ್ಸು ಚಿಕ್ಕದಿತ್ತು, ಅತ್ತೆಯ ಹೆದರಿಕೆ ಇತ್ತು — ಯಾವುದನ್ನೂ ಹೇಳುವುದಿಲ್ಲ. ನಿನಗೂ ವಯಸ್ಸು ಚಿಕ್ಕದಿತ್ತು, ನಿನಗೂ ಹೆದರಿಕೆ ಇತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಮೊಮ್ಮಗಳನ್ನು ನೋಡಬೇಕು ಅಂತ ಅತ್ತೆಯೂ ಬರುತ್ತಾರೆ. ಈಗ ಅವರಿಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಮೊದಲು ಚೈತ್ರಳ ಕೈಗೆ ನೀರಿನ ಚೊಂಬು ಕೊಟ್ಟು ಸೇವಂತಿಗೆ ಗಿಡದ ಹತ್ತಿರ ಕಳಿಸುತ್ತೇನೆ. ನೀನು ತಡೆಯಬೇಡ. ಆಮೇಲೆ ಅತ್ತೆಯ ಎದುರು, ನಿನ್ನ ಎದುರು ಕೂತು, ಆ ಬೆಳಿಗ್ಗೆ ಅವರು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ನಾನು, ಅತ್ತೆ. ನಾನೇ.