ಹಾಡು ಮುಗಿದ ಮೇಲಿನ ಮಾತು

ನನ್ನ ಹೆಂಡತಿಯ ದನಿ ಉಳಿದಿದ್ದದ್ದು ಒಂದೇ ಒಂದು ಸಿ.ಡಿ.ಯಲ್ಲಿ. ನಾದಿನಿಯ ಮದುವೆಗೆ ಹೆಂಗಸರು ಚಪ್ಪರದಡಿ ಹಾಡಿದ್ದನ್ನು ಮಧುಗಿರಿಯ ಸ್ಟುಡಿಯೋದವರು ಬಂದು ರೆಕಾರ್ಡ್ ಮಾಡಿ ಕೊಟ್ಟಿದ್ದರು. ಆ ಹಾಡುಗಳನ್ನು ಊರಲ್ಲಿ ಬೇರೆಯವರೂ ಹಾಡುತ್ತಾರೆ. ನನಗೆ ಬೇಕಿದ್ದದ್ದು ಕೊನೆಯ ಹಾಡು ಮುಗಿದ ಮೇಲೆ ಅವಳು ಆಡಿದ ಒಂದು ಮಾತು. ಯಂತ್ರ ಇನ್ನೂ ಓಡುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಕೇಳಿದಾಗ ಮನೆಮಂದಿಯೆಲ್ಲ ನಕ್ಕಿದ್ದೆವು. ಏನು ಹೇಳಿದ್ದಳೆಂದು ಈಗ ಎಷ್ಟು ತಡಕಿದರೂ ನೆನಪಿಗೆ ಬರುತ್ತಿರಲಿಲ್ಲ.

ಅವಳು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಅವಳ ಸೀರೆ, ಬಳೆ, ಕನ್ನಡಕದ ಜೊತೆ ಆ ಸಿ.ಡಿ.ಯನ್ನೂ ಫೋಟೋದ ಮುಂದೆ ಇಟ್ಟೆವು. ಪೂಜೆಗೆ ಇಟ್ಟಿದ್ದಕ್ಕೆಲ್ಲ ವಿಭೂತಿ ಹಚ್ಚುವುದು ನಮ್ಮಲ್ಲಿ ರೂಢಿ. ಅದರ ಹೊಳೆಯುವ ಮುಖದ ಮೇಲೂ ಯಾರೋ ಮೂರು ಬೆರಳು ಎಳೆದಿದ್ದರು. ಮಾರನೆಯ ದಿನ ಅತ್ತೆ, ಅವಳ ತಾಯಿ, ಅದನ್ನು ಒದ್ದೆ ಬಟ್ಟೆಯಲ್ಲಿ ಸ್ಟೀಲ್ ತಟ್ಟೆ ಒರೆಸುವಂತೆ ಸುತ್ತಿ ಸುತ್ತಿ ಒರೆಸಿಟ್ಟರು. ಬಟ್ಟೆಗೆ ನೆಲದ ಮರಳು ಅಂಟಿತ್ತೇನೋ. ಆಮೇಲೆ ಮನೆಯ ಪ್ಲೇಯರಿನಲ್ಲಿ ಅದು ಕೊನೆಯ ಹಾಡಿನ ತುದಿಗೆ ಬರುತ್ತಲೇ ನಿಂತುಬಿಡುತ್ತಿತ್ತು.

ಚನ್ನರಾಯನದುರ್ಗದಿಂದ ಮಧುಗಿರಿ ಬಸ್ಸು ಹತ್ತಿದೆ. ಅತ್ತೆ ತಾವೂ ಬರುತ್ತೇನೆಂದು ಹೊರಟರು.

ಸ್ಟುಡಿಯೋದವರು ಈಗ ಫ್ಲೆಕ್ಸ್ ಹಾಕಿಕೊಡುತ್ತಾರೆ. ಸಿ.ಡಿ. ಓದುವ ಹಳೆಯ ಕಂಪ್ಯೂಟರೊಂದು ಮಾತ್ರ ಮೂಲೆಯಲ್ಲಿ ಉಳಿದಿತ್ತು. ಸಿ.ಡಿ.ಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು.

"ವಿಭೂತಿ ಗೀಟು ಪರವಾಗಿಲ್ಲ ಸಾ, ಅಡ್ಡ ಬಿದ್ದೈತೆ. ಈ ಸುತ್ತು ಗೀಟೇ ಕಷ್ಟ."

ಹಾಡು ಇದರೊಳಗೆ ನಡುವಿನಿಂದ ಹೊರಕ್ಕೆ ಒಂದೇ ಸುರುಳಿಯಾಗಿ ಸಾಗುತ್ತದಂತೆ, ಲೇಸರ್ ಸುಟ್ಟ ಸಣ್ಣ ಕಲೆಗಳಾಗಿ. ಒಂದೊಂದು ಚೂರು ದನಿಯನ್ನೂ ಅಂಕಿಗಳಾಗಿ ಒಡೆದು, ದೂರ ದೂರಕ್ಕೆ ಹಂಚಿ, ತಾಳೆ ನೋಡಲು ಹೆಚ್ಚಿನ ಅಂಕಿಗಳನ್ನೂ ಸೇರಿಸಿ ಬರೆದಿರುತ್ತದೆ. ಅಡ್ಡಗೀಟು ಪ್ರತಿ ಸುತ್ತಿನಲ್ಲೂ ಕೊಂಚವೇ ಕೆಡಿಸುತ್ತದೆ, ಉಳಿದದ್ದರಿಂದ ಅದನ್ನು ತುಂಬಿಕೊಳ್ಳಬಹುದು. ಸುರುಳಿಯ ಜೊತೆಗೇ ಓಡುವ ಗೀಟು ಒಂದೇ ಕಡೆ ಬಹಳಷ್ಟನ್ನು ನುಂಗುತ್ತದೆ. ಆಗ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದೇ ತಪ್ಪಿಹೋಗುತ್ತದೆ. ಅದಕ್ಕೆಂದೇ ಪ್ರತಿ ಸಣ್ಣ ತುಣುಕಿನ ತಲೆಯಲ್ಲೂ ಒಂದೇ ಬಗೆಯ ಗುರುತು ಇರುತ್ತದೆ. ಹಾಡಿನ ಅಂಕಿಗಳಲ್ಲಿ ಆ ಗುರುತು ಎಲ್ಲೂ ಬಾರದಂತೆ ನೋಡಿಕೊಂಡಿರುತ್ತಾರೆ. ಮುಂದಿನ ಗುರುತು ಕಂಡರೆ ಯಂತ್ರ ಮತ್ತೆ ಹೆಜ್ಜೆ ಹಿಡಿಯುತ್ತದೆ.

ಬರೆದ ಭಾಗದ ಬಣ್ಣವೇ ಬೇರೆ. ಅದನ್ನೂ ತೋರಿಸಿದರು. ಹಾಡುಗಳು ಕಡಿಮೆಯಿದ್ದುದರಿಂದ ಒಳಗಿನ ಪಟ್ಟೆಯಷ್ಟೇ ತುಂಬಿತ್ತು. ಸುತ್ತು ಗೀಟುಗಳೆಲ್ಲ ಆಚೆ, ಖಾಲಿ ಜಾಗದಲ್ಲಿದ್ದವು. ಒಂದು ಆಳದ ಗೀಟು ಮಾತ್ರ ಪಟ್ಟೆಯ ಅಂಚಿನ ಮೇಲೇ ಬಾಗಿ ಹೋಗಿತ್ತು. ನಾನು ಹುಡುಕಿ ಬಂದ ಮಾತು ಇದ್ದದ್ದು ಆ ಅಂಚಿನಲ್ಲೇ.

"ನಾನು ಒರೆಸಿದ್ಕೇ ಇಂಗಾಯ್ತೇನಪ್ಪ?" ಎಂದರು ಅತ್ತೆ.

ಸ್ಟುಡಿಯೋದವರು ನನ್ನ ಮುಖ ನೋಡಿದರು. "ಮೊದ್ಲು ಕೇಳಾಣ ಇರಿ ಅತ್ತೆ" ಎಂದೆ.

ವೇಗ ತಗ್ಗಿಸಿ ಓದಿಸಿದರು. ಒಂದೊಂದೇ ಹಾಡು ಕಂಪ್ಯೂಟರಿಗೆ ಇಳಿಯಿತು. ಕೊನೆಯದರಲ್ಲಿ ಡ್ರೈವ್ ಕರ್ರೆಂದು ತಡವರಿಸಿತು, ನಿಂತಿತು, ಮತ್ತೆ ತಿರುಗಿತು. ಪರದೆಯ ಮೇಲಿನ ಪಟ್ಟಿ ಅಲ್ಲಾಡಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದಾಗ ನನಗೆ ಸಿಟ್ಟು ಬಂತು. ಆಮೇಲೆ ಪಟ್ಟಿ ಸರಿಯಿತು. ಸ್ಟುಡಿಯೋದವರು ಕೊನೆಯ ಭಾಗವನ್ನು ಹಾಕಿದರು.

ಹಾಡು ಮುಗಿಯಿತು. ಬಳೆಯ ಸದ್ದು. ಆಮೇಲೆ ಅವಳು, ಪಕ್ಕದಲ್ಲೇ ಕೂತಂತೆ: "ಅವ್ವಾ, ಒಲೆ ಮೇಲೆ..."

ಏನೂ ಇಲ್ಲ. ಎರಡು ಸಲ ಚಟಪಟ ಎಂದಿತು.

"...ಉಕ್ತೈತೆ ನೋಡವ್ವ."

"ಹಾಲು" ಎಂದರು ಅತ್ತೆ.

ಹಿಂಡುತ್ತಿದ್ದ ಸೆರಗು ಬಿಟ್ಟು, "ಅವತ್ತು ಅಷ್ಟೂ ಉಕ್ಕೋಯ್ತು ಕಣಪ್ಪ. ಇವ್ಳು ಹಾಡ್ತಾ ಕೂತಿದ್ಲು, ನಾನು ಕೇಳ್ತಾ ನಿಂತ್ಬುಟ್ಟಿದ್ದೆ" ಎಂದರು.

ನಾವು ಕೇಳದೆಯೇ ಸ್ಟುಡಿಯೋದವರು ಇನ್ನೊಮ್ಮೆ ಹಾಕಿದರು. ದನಿ ನಿಂತ ಕಡೆ ಅತ್ತೆ ಮತ್ತೆ, ಮೆಲ್ಲಗೆ, "ಹಾಲು" ಎಂದರು.