ಮಾವಶಿಯ ಬಿಸಿನೀರಿನ ಚೀಲ

ಮಾವಶಿ, ಆ ಹುಡುಗಿ ವಂಕಿ ಹಾಕಿಸಿಕೊಂಡ ಗುಟ್ಟನ್ನು ಅವಳ ಅತ್ತೆಗೆ ಮುಟ್ಟಿಸಿದವಳು ನಾನು, ನೀವಲ್ಲ. ಇದು ನನಗೆ ಎಂಟು ವರ್ಷಗಳಿಂದ ಗೊತ್ತು.

ಕಾಗವಾಡ ಕಡೆಯ ಆ ಸಣ್ಣ ಆಸ್ಪತ್ರೆಗೆ ನಾನು ನರ್ಸಾಗಿ ಬಂದಾಗ ನೀವು ಅಲ್ಲಿನ ಹಳೆಯ ಆಯಾ, ಊರಿಗೆಲ್ಲ ಚಿಕ್ಕಮ್ಮನಂಥ ಮಾವಶಿ. ವಂಕಿ ಹಾಕುವಾಗ — ಬಸಿರು ನಿಲ್ಲದಂತೆ ಗರ್ಭಕೋಶದಲ್ಲಿಡುವ ಆ ತಾಮ್ರದ ತುಣುಕು — ನೋವಿಗೆಂದು ನಾವು ಯಾವ ಇಂಜೆಕ್ಷನ್ನೂ ಕೊಡುತ್ತಿರಲಿಲ್ಲ. ನೀವಿದ್ದಿರಿ. ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟು, ಕೈ ಹಿಡಿದು, ಮಾತಿಗೆಳೆಯುತ್ತಿದ್ದಿರಿ. "ಮನ್ಯಾಗ ಎಮ್ಮಿ ಎಷ್ಟ ಅದಾವವ್ವಾ? ಹಾಲ ಯಾರ ಹಿಂಡ್ತಾರ? ಉಸರ ಬಿಡು, ಸಾವಕಾಶ... ಅತ್ತಿ ಏನ್ ಮಾಡ್ತಾಳ?" ಎಮ್ಮೆಯ ಸುದ್ದಿ ಮುಗಿಯುವಷ್ಟರಲ್ಲಿ ನನ್ನ ಕೆಲಸವೂ ಮುಗಿದಿರುತ್ತಿತ್ತು.

ನನಗೆ ಅದೇ ಸಂಶಯ. ಈಕೆಗೇಕೆ ಊರ ಮನೆಗಳ ಉಸಾಬರಿ? ನಳದ ಹತ್ತಿರ ನೀವು ಯಾರೊಡನೆ ನಿಂತರೂ ಕಿಟಕಿಯಿಂದ ನೋಡುತ್ತಿದ್ದೆ. ನಕ್ಕರೆ — ಯಾರ ಸುದ್ದಿಗೆ ನಕ್ಕಳು?

ಆ ಹುಡುಗಿಗೆ ಆಗಲೇ ಎರಡು ಹೆಣ್ಣುಮಕ್ಕಳು. ಮೂರನೆಯದು ಸದ್ಯಕ್ಕೆ ಬೇಡವೆಂದು ವಂಕಿ ಹಾಕಿಸಿಕೊಳ್ಳಲು ಮನೆಯಲ್ಲಿ ಹೇಳದೆ ಬಂದಿದ್ದಳು. ತಿಂಗಳೊಳಗೆ ಅತ್ತೆಗೆ ಗೊತ್ತಾಗಿ ರಾದ್ಧಾಂತವಾಯಿತೆಂದು ಕೇಳಿದೆ. ಯಾರನ್ನೂ ವಿಚಾರಿಸಲಿಲ್ಲ. ಎಲ್ಲರೆದುರು ಅಂದುಬಿಟ್ಟೆ: "ಮಾವಶಿ, ನಿಮ್ಮ ಬಾಯಿ ಭಾಳ ಸಡ್ಲ ಐತಿ. ಇನ್ಮ್ಯಾಲ ಈ ಖೋಲಿಗೆ ಬರಬ್ಯಾಡ್ರಿ."

"ನಾ ಹೇಳಿಲ್ರಿ ಅಕ್ಕಾರ," ಎಂದಿರಿ. ಚೀಲವನ್ನು ಮೇಜಿನ ಮೇಲಿಟ್ಟು ಹೋದಿರಿ.

ಮರುವಾರ ಅತ್ತೆಯೇ ಹುಡುಗಿಯನ್ನು ಕರೆತಂದಳು, ವಂಕಿ ತೆಗೆಸಲು. ನನಗೆ ಕೈ ಬೇರೆ ಮುಗಿದಳು. "ನಿಮ್ಮಿಂದ ಗೊತ್ತಾತ್ರಿ. ಕೂಸಿಗೆ ಲಸಿಕಿ ಹಾಕಾಕ ಬಂದಾಗ ನಮ್ಮ ಅಂಗಳದಾಗ ಇಕಿಗೆ ಕೇಳಿದ್ರೆಲ್ಲಾ, ಹಾಕಿಸ್ಕೊಂಡ ಮ್ಯಾಲ ಹೊಟ್ಟಿ ನೋವು ಕಡಿಮಿ ಆತೇನ ಅಂತ? ಏನ್ ಹಾಕಿಸ್ಕೊಂಡಿ ಅಂತ ನಾ ಇಕಿನ್ನ ಬಿಡಲಿಲ್ರಿ."

ಕೇಳಿದ್ದೆ. ಕಾಳಜಿಯಿಂದ — ಇಲ್ಲ, ಆ ಮಾತೂ ಬೇಡ. ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದನ್ನು ನಾನು ನೋಡಿಯೇ ಇದ್ದೆ.

ಒಳಗೆ ಕರೆದೊಯ್ದು, ತೆಗೆಯಲೇ ಎಂದು ಹುಡುಗಿಯನ್ನು ಕೇಳಿದೆ. ಹೂಂ ಅಂದಳು. ಅಂಥ ಹೂಂ ನಾನು ಬಹಳ ಕೇಳಿದ್ದೇನೆ. ಮಲಗಿದವಳು ಪಕ್ಕಕ್ಕೆ ಕೈ ಚಾಚಿ, "ಮಾವಶಿ ಎಲ್ಲಿ ಅದಾರ್ರಿ?" ಅಂದಳು. ನೀವು ಹಿತ್ತಲಲ್ಲಿ ಚಾದರ ಒಗೆಯುತ್ತಿದ್ದಿರಿ. ಕೂಗಿದರೆ ಕೇಳುವಷ್ಟು ದೂರ. ಕೂಗಿದ್ದರೆ ನಿಜ ಹೇಳಬೇಕಾಗುತ್ತಿತ್ತು... ಕೂಗಲಿಲ್ಲ. ಅವಳು ಮಂಚದ ಕಬ್ಬಿಣ ಹಿಡಿದುಕೊಂಡಳು.

ಆಮೇಲೆ ಬಂದವರೆಲ್ಲ ಆ ಕಬ್ಬಿಣವನ್ನೇ ಹಿಡಿದರು. ನೀವು ಬಾಯಿ ಸಡಿಲವೆಂಬ ಹೆಸರು ಹೊತ್ತು ನಿವೃತ್ತಿಯಾದಿರಿ. ನೀವು ಹತ್ತಿರ ಬಂದರೆ ಹೆಂಗಸರು ಇಂದಿಗೂ ಮಾತು ನಿಲ್ಲಿಸುತ್ತಾರಂತೆ. ಆ ಸಂಶಯ ಅವರಿಗೆ ಕಲಿಸಿದವಳು ನಾನು.

ಭಾನುವಾರ ಶೇಡಬಾಳಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಡಿ. ಓಣಿಯವರೆಲ್ಲ ಕೇಳುವಂತೆ ಅಂಗಳದಲ್ಲೇ ನಿಂತು ಹೇಳುತ್ತೇನೆ. ಆ ಹುಡುಗಿಯ ಹೆಸರು ಎತ್ತುವುದಿಲ್ಲ. ನನ್ನದು ಸಾಕು.